ಕಂದೀಲಿನವರನ್ನು ಹುಡುಕಿದ ಅಕ್ಕೋರು

ಹೋದ ತಿಂಗಳು ನಿಪ್ಪಾಣಿಯಿಂದ ಫೋನು ಬಂತು. ಮಾತಾಡಿದವರು ಒಬ್ಬ ನಿವೃತ್ತ ಪ್ರಾಧ್ಯಾಪಕರು. ನಮ್ಮ ಭಾಗದಲ್ಲಿ ಯಾವ ಸಭೆಯಾದರೂ ವೇದಿಕೆಯ ನಡುವಿನ ಕುರ್ಚಿ ಅವರದೇ.

“ಅಕ್ಕೋರ ಹೆಸರಲೆ ಒಂದು ದತ್ತಿ ಉಪನ್ಯಾಸ ಇಡಾಕತ್ತೀವ್ರಿ. ನೀವು ಅವರ ಜೋಡಿ ಭಾಳ ಅಡ್ಡಾಡೀರಿ. ಬಂದು ನಾಕು ಚಲೋ ಮಾತು ಆಡ್ರಿ. ಕಡೀಕ್ ಆದ ಆ ಗದ್ದಲ ಒಂದು ಬಿಟ್ಟಬಿಡ್ರಿ.”

“ಗದ್ದಲ ಬಿಟ್ರ ಅಕ್ಕೋರೊಳಗ ಏನ್ ಉಳೀತೈತ್ರಿ ಸರ್?” ಎಂದೆ.

ಆ ಕಡೆಯಿಂದ ನಗು ಕೇಳಿಸಿತು. ದೊಡ್ಡವರು ಸಣ್ಣವರ ಮಾತಿಗೆ ನಗುವ ನಗು. “ನೀವೂ ಅವರಂಗ ಆಗೀರಿ ನೋಡ್ರಿ” ಎಂದರು. ಬೈಗುಳದ ಹಾಗೆಯೇ ಹೇಳಿದರು. ನಾನು ಬರುವುದಿಲ್ಲ ಎಂದು ಫೋನು ಇಟ್ಟೆ.

ಅವರ ಸಭೆಯಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅಕ್ಕೋರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಇದರಲ್ಲಿ ಚುಚ್ಚುವುದನ್ನೆಲ್ಲ ಕತ್ತರಿಸಿ ತೆಗೆದು, ಉಳಿದದ್ದನ್ನು ಆಮಂತ್ರಣ ಪತ್ರಿಕೆಯ ಹಿಂದೆ ಅಚ್ಚು ಹಾಕಿಸುತ್ತಾರೆ. ಸತ್ತವರ ಹೆಸರನ್ನು ಬಳಸಿಕೊಳ್ಳುವುದರಲ್ಲಿ ಅವರು ಪಳಗಿದವರು.

ಅಕ್ಕೋರು ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಕಾಲೇಜು ಅಂದಮೇಲೆ ಮೇಡಂ ಎನ್ನಬೇಕು. ಆದರೆ ಹಳ್ಳಿಯ ಶಾಲೆಗಳಿಂದ ಬಂದ ಮಕ್ಕಳು ಅಲ್ಲಿನ ರೂಢಿಯಂತೆ ಟೀಚರನ್ನು ಕರೆದ ಹಾಗೆ ಅಕ್ಕೋರ ಎಂದೇ ಕರೆಯುತ್ತಿದ್ದರು. ಅವರು ತಿದ್ದಲಿಲ್ಲ. ಕ್ರಮೇಣ ಸಿಬ್ಬಂದಿಯವರೂ ಹಾಗೇ ಕರೆಯತೊಡಗಿದೆವು. ಗಿಡ್ಡ ಆಳು, ದೊಡ್ಡ ದನಿ. ಹತ್ತಿಯ ಸೀರೆ, ಹೆಗಲಿಗೆ ಪಿನ್ನು. ಕೈಯಲ್ಲಿ ಯಾವಾಗಲೂ ಕೀಲಿಕೈ ಗೊಂಚಲು. ಕ್ಲಾಸಿನಲ್ಲಿ ಯಾರಾದರೂ ನಿದ್ದೆಹೋದರೆ ಗೊಂಚಲನ್ನು ಟೇಬಲ್ಲಿನ ಮೇಲೆ ಒಮ್ಮೆ ಬಿಡುತ್ತಿದ್ದರು, ಅಷ್ಟೇ. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, “ಹುಡುಗ ನೋಡಾಕ ಬಂದಾಗೆಲ್ಲಾ ನಾ ಲೈಬ್ರರ್ಯಾಗ ಇರತಿದ್ದೆ” ಎನ್ನುತ್ತಿದ್ದರು.

ಅವರ ಸಿಟ್ಟನ್ನು ಗುರುತಿಸುವುದು ಸುಲಭವಾಗಿತ್ತು. ಸಾಮಾನ್ಯವಾಗಿ ಅವರದು ನಮ್ಮೆಲ್ಲರ ಹಾಗೆ ರಾಯಬಾಗ ಕಡೆಯ ಮಾತು. ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು, ಮಾತು ಪುಸ್ತಕದ ಕನ್ನಡಕ್ಕೆ ತಿರುಗುತ್ತಿತ್ತು. ಒಮ್ಮೆ ಆಡಳಿತ ಮಂಡಳಿಯವರೊಬ್ಬರ ಮಗ ಕ್ಲಾಸಿನಲ್ಲಿ ಮೊಬೈಲ್ ಹಿಡಿದು ಜೋರಾಗಿ ಮಾತಾಡುತ್ತ ಕೂತಿದ್ದ. ಅಕ್ಕೋರು ಪಾಠ ನಿಲ್ಲಿಸಿ, ಮೆಲ್ಲಗೆ, “ತಾವು ದಯಮಾಡಿ ಹೊರಗೆ ಹೋಗಿ ಮಾತನಾಡಿ. ಇಲ್ಲಿ ನಮ್ಮ ಪಾಠದಿಂದ ತಮಗೆ ತೊಂದರೆಯಾಗುತ್ತಿದೆ” ಎಂದರು. ಹುಡುಗ ಎದ್ದು ಹೋದ. ಆ ವರ್ಷ ಮತ್ತೆ ಅವರ ಕ್ಲಾಸಿಗೆ ಬರಲು ಅವನಿಗೆ ಧೈರ್ಯವಾಗಲಿಲ್ಲ.

ಉತ್ತರ ಪತ್ರಿಕೆ ನೋಡುವಾಗ ಅಂಚಿನಲ್ಲಿ ಪ್ರಶ್ನೆ ಬರೆಯುವುದು ಅವರ ಇನ್ನೊಂದು ಚಾಳಿ. ‘ಅರಸರು ಪ್ರಜೆಗಳನ್ನು ಮಕ್ಕಳಂತೆ ಕಾಪಾಡಿದರು’ ಎಂದು ಯಾರೋ ಬರೆದಿದ್ದರು. ಪಕ್ಕದಲ್ಲಿ ಅಕ್ಕೋರ ಅಕ್ಷರ: ‘ಯಾರು ಹೇಳಿದರು? ಅರಸರೋ, ಮಕ್ಕಳೋ?’

ನಾನು ಕನ್ನಡ ವಿಭಾಗದವಳು, ನಿಪ್ಪಾಣಿಯವಳು, ಮನೆಮಾತು ಮರಾಠಿ. ಕಾಲೇಜಿಗೆ ಹೊಸದಾಗಿ ಸೇರಿದಾಗ ನನ್ನ ಕನ್ನಡ ಕೇಳಿ ಸಿಬ್ಬಂದಿ ಕೋಣೆಯಲ್ಲಿ ಕೆಲವರು ಮುಸಿಮುಸಿ ನಗುತ್ತಿದ್ದರು. ಅಕ್ಕೋರು ತಮ್ಮ ಪಕ್ಕದ ಕುರ್ಚಿ ಎಳೆದು, “ಇಲ್ಲಿ ಕುಂದರು. ನಗೋರ ಮುಂದ ಕುಂತ್ರ ಅವರಿಗೆ ಕುತ್ತಿಗಿ ಹೊಳ್ಳಸಾಕ ತ್ರಾಸ ಆಗೂದಿಲ್ಲ” ಎಂದರು. ಅಂದಿನಿಂದ ನಾನು ಆ ಕುರ್ಚಿ ಬಿಡಲಿಲ್ಲ.

ಆ ಕೋಣೆಯಲ್ಲೇ ಒಂದು ದಿನ ಇದೆಲ್ಲ ಶುರುವಾಯಿತು. ಪರೀಕ್ಷೆಯ ಕೆಲಸಕ್ಕೆ ಹೊರಗಿನಿಂದ ಒಬ್ಬ ಪ್ರಾಧ್ಯಾಪಕರು ಬಂದಿದ್ದರು. ನಮ್ಮ ಪ್ರಾಂಶುಪಾಲರನ್ನು ಕಂಡಕೂಡಲೇ ನಮಸ್ಕಾರ ಗಿಮಸ್ಕಾರ ಇಲ್ಲ, “ಎಣ್ಣಿ ಐತೇನಪಾ?” ಎಂದರು. ಪ್ರಾಂಶುಪಾಲರು ನಕ್ಕು, “ಬತ್ತಿನೂ ಐತಿ” ಎಂದರು. ಇಬ್ಬರೂ ತೋಳಿಗೆ ತೋಳು ಹಾಕಿಕೊಂಡು ಒಳಗೆ ಹೋದರು.

ಅಕ್ಕೋರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಈ ಮಾತು ನಾ ಎಂ.ಎ. ಓದುವಾಗ ಕೇಳಿದ್ದೆ” ಎಂದರು.

ಅವರು ಎಂ.ಎ. ಓದಿದ ವಿಶ್ವವಿದ್ಯಾಲಯದ ಗಂಡುಮಕ್ಕಳ ಹಾಸ್ಟೆಲಿನಲ್ಲಿ ಒಂದು ಗುಪ್ತ ಕೂಟವಿತ್ತು. ಹೆಸರು ಕಂದೀಲು. ಕರೆಂಟು ಹೋದಾಗ ಒಂದು ಕಂದೀಲಿನ ಸುತ್ತ ಕೂತು ಓದುತ್ತಿದ್ದ ಹುಡುಗರಿಂದ ಶುರುವಾದದ್ದಂತೆ. ಆಮೇಲೆ ಓದು ಹೋಯಿತು, ಕೂಟ ಉಳಿಯಿತು. ಪ್ರತಿ ವರ್ಷ ಕೆಲವರನ್ನು ಗುಟ್ಟಾಗಿ ಆರಿಸುತ್ತಿದ್ದರು. ಕಂದೀಲಿನ ಬಿಸಿ ಗಾಜಿಗೆ ಅಂಗೈ ಒತ್ತಿ ಆಣೆ ಮಾಡಿಸುತ್ತಿದ್ದರು. ಆಣೆ ಏನೆಂದರೆ ಕಂದೀಲಿನವನು ಕೇಳಿದರೆ ಕಂದೀಲಿನವನು ಇಲ್ಲ ಅನ್ನಬಾರದು. ಎಣ್ಣೆ ಕೇಳುವುದೇ ಅವರ ಗುರುತಿನ ಮಾತು. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಆ ಹುಡುಗರು ಪ್ರಾಧ್ಯಾಪಕರಾದರು, ಪ್ರಾಂಶುಪಾಲರಾದರು, ಸಂಸ್ಥೆಗಳ ಚೇರಮನ್ನರಾದರು, ಸಂದರ್ಶನ ಸಮಿತಿಗಳಲ್ಲಿ ಕೂತರು. ಒಬ್ಬರು ಕೇಳಿದರು, ಇನ್ನೊಬ್ಬರು ಇಲ್ಲ ಅನ್ನಲಿಲ್ಲ. ಈಗ ಅವರಿಗೊಂದು ವಾಟ್ಸಾಪ್ ಗುಂಪೂ ಇದೆ.

“ನಾ ಇದರ ಮ್ಯಾಲೆ ಸಂಶೋಧನಾ ಮಾಡತೀನಿ” ಎಂದರು ಅಕ್ಕೋರು.

“ಗುಪ್ತ ಕೂಟ ಅಂತೀರಿ. ಯಾರು ಹೇಳತಾರ್ರಿ ನಿಮಗ?”

“ಮುಚ್ಚಿಟ್ಟದ್ದು ನನಗ ಬ್ಯಾಡ. ಯಾರ್ಯಾರು ಸದಸ್ಯರು ಅಂತ ಊರಿಗೆ ಗೊತ್ತೈತೋ ಅವರಷ್ಟ ಸಾಕು. ಬಿಚ್ಚಿಟ್ಟದ್ದನ್ನ ಇನ್ನೂತನಕ ಯಾರೂ ನೋಡಿಲ್ಲ.”

“ಇದು ಇತಿಹಾಸ ಆಕ್ಕೈತೇನ್ರಿ?”

“ಸತ್ತ ರಾಜರದ್ದಷ್ಟ ಇತಿಹಾಸ ಏನು? ಈಗ ಉಣ್ಣಾಕತ್ತವರದೂ ಇತಿಹಾಸನ.”

ಅವರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ನನ್ನ ಹತ್ತಿರ ಹಳೆಯದೊಂದು ಕಾರಿತ್ತು. ಹೀಗೆ ಭಾನುವಾರಗಳಲ್ಲಿ ನಮ್ಮ ತಿರುಗಾಟ ಶುರುವಾಯಿತು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಅವುಗಳ ಹಿಂದೆ ನಾವು ತೆವಳುತ್ತಿದ್ದೆವು. ಅಕ್ಕೋರು ರೊಟ್ಟಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಸವರಿ, ಸುತ್ತಿ, ನಾನು ಸ್ಟೇರಿಂಗ್ ಹಿಡಿದಿದ್ದಾಗಲೇ ಬಾಯಿಗಿಡುತ್ತಿದ್ದರು. ಯಾರ ಮನೆಗೆ ಹೋಗುತ್ತಿದ್ದೆವೋ ಆ ಮನೆಯ ಚಹಾ ಮಾತ್ರ ಮುಟ್ಟುತ್ತಿರಲಿಲ್ಲ. “ಚಹಾ ಕುಡದ್ರ ಪ್ರಶ್ನೆ ಮೆತ್ತಗ ಆಕ್ಕಾವ” ಎನ್ನುತ್ತಿದ್ದರು.

ನನಗೆ ಆಶ್ಚರ್ಯವಾದದ್ದು, ಆಮೇಲೆ ಮೈ ಉರಿದದ್ದು, ಒಂದೇ ವಿಷಯಕ್ಕೆ. ಯಾರೂ ಮುಚ್ಚಿಡಲಿಲ್ಲ. ನಾಚಿಕೆಪಡುತ್ತಾರೆ, ಬಾಗಿಲು ಹಾಕುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಕುರ್ಚಿ ಹಾಕಿ ಕೂರಿಸಿ ಹೇಳಿದರು. ಮದುವೆಯ ಆಲ್ಬಂ ತೋರಿಸುವವರ ಖುಷಿಯಲ್ಲಿ ಹೇಳಿದರು.

ಮೊದಲು ಹೋದದ್ದು ನಿಪ್ಪಾಣಿಗೆ, ಈಗ ನನಗೆ ಫೋನು ಮಾಡಿದ ಆ ಪ್ರಾಧ್ಯಾಪಕರ ಮನೆಗೆ. “ಯಾ, ಯಾ, ಬಸಾ” ಎಂದು ನನ್ನನ್ನು ಮರಾಠಿಯಲ್ಲಿ ಕರೆದು ಕೂರಿಸಿದರು. ಎಡ ಅಂಗೈ ಚಾಚಿ ತೋರಿಸಿದರು. “ನೋಡ್ರಿ, ಇನ್ನೂ ಇಲ್ಲಿ ಸುಟ್ಟ ಕಲಿ ಐತಿ. ಗಾಜು ಭಾಳ ಕಾದಿತ್ತು ಅವತ್ತು.”

“ಕಂದೀಲಿನಿಂದ ಯಾರ್ಯಾರಿಗೆ ನೌಕರಿ ಆತ್ರಿ ಸರ್?” ಎಂದು ಅಕ್ಕೋರು ಕೇಳಿದರು.

“ಆಗ್ಯಾವ್ರಿ, ಭಾಳ ಮಂದಿಗೆ ಆಗ್ಯಾವ. ನಾವು ಒಬ್ಬರಿಗೊಬ್ಬರು ಆಸರ ಆದ್ವಿ. ತಪ್ಪೇನು ಅದರಾಗ?”

“ಆಸರ ಇಲ್ಲದವರು ಏನಾದ್ರು?”

ಅವರು ಚಹಾದ ಕಪ್ಪು ಎತ್ತಿಕೊಂಡರು. “ಅವರಿಗೂ ಏನರೆ ಸಿಕ್ಕಿರತೈತಿ ಬಿಡ್ರಿ.”

ಕಾರಿಗೆ ಬಂದ ಮೇಲೆ ಅಕ್ಕೋರು ಬಾಗಿಲನ್ನು ಅಂಥ ಜೋರಿನಿಂದ ಎಳೆದರು, ಹಿಡಿಕೆ ಕೈಗೆ ಬಂತು. “ಏನರೆ ಅಂತ,” ಎಂದರು. ಚಿಕ್ಕೋಡಿ ಮುಟ್ಟುವತನಕ ಅದನ್ನೇ ಹೇಳಿದರು. “ಏನರೆ ಸಿಕ್ಕಿರತೈತಂತ. ಏನರೆ!”

ಆಮೇಲೆ ಭೋಜಕ್ಕೆ ಹೋದೆವು, ಕಾಗವಾಡಕ್ಕೆ ಹೋದೆವು. ಭೋಜದಲ್ಲಿ ಒಬ್ಬರು ಮಾತ್ರ ತಲೆ ತಗ್ಗಿಸಿ, “ತಪ್ಪಾತ್ರಿ, ಆಗ ತಿಳೀಲಿಲ್ಲ” ಎಂದರು. ಉಳಿದವರೆಲ್ಲ ಹಸನ್ಮುಖಿಗಳು. ಪ್ರತಿಭೆ, ಸ್ನೇಹ, ನಿಷ್ಠೆ ಎಂಬ ಮಾತುಗಳನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೆಂದರೆ ಇವತ್ತಿಗೂ ಆ ಮೂರು ಪದಗಳು ಕಿವಿಗೆ ಬಿದ್ದರೆ ನನಗೆ ಒಳಗಿನಿಂದ ಸಿಟ್ಟು ಏರಿಬರುತ್ತದೆ.

ಅಥಣಿಯಲ್ಲಿ ಶಿಕ್ಷಣ ಸಂಸ್ಥೆಯೊಂದರ ಮಾಜಿ ಚೇರಮನ್ನರಿದ್ದರು. ದೊಡ್ಡ ದ್ರಾಕ್ಷಿ ತೋಟ, ತೋಟದಲ್ಲಿ ಮನೆ. ಒಣದ್ರಾಕ್ಷಿಯ ತಟ್ಟೆ ಮುಂದಿಟ್ಟರು. ಅಕ್ಕೋರು ಅದನ್ನು ಪಕ್ಕಕ್ಕೆ ಸರಿಸಿ ಪ್ರಶ್ನೆ ಶುರುಮಾಡಿದರು. ಚೇರಮನ್ನರು ಸ್ವಲ್ಪ ಹೊತ್ತು ಉತ್ತರಿಸಿ, ಆಮೇಲೆ ಒಮ್ಮೆಲೇ ನಗತೊಡಗಿದರು.

“ಬ್ಯಾರೇದವರ ಹೆಸರು ಎಷ್ಟ ಕೂಡಸ್ತೀರಿ ಅಕ್ಕೋರ? ನಿಮ್ಮ ಅಣ್ಣನ್ನ ಕೇಳ್ರಿ. ನಿಮ್ಮ ಮನ್ಯಾಗ ಕಂದೀಲ ಐತಿ.”

ಅಕ್ಕೋರು ನೋಟ್‌ಬುಕ್ಕಿನಿಂದ ತಲೆ ಎತ್ತಿದರು.

“ನಿಮ್ಮ ಇಂಟರ್ವ್ಯೂ ಕಮಿಟ್ಯಾಗ ನಾನೂ ಕುಂತಿದ್ದೆ. ನಿಮ್ಮ ಅಣ್ಣ ಹಿಂದಿನ ದಿನ ಬಂದು, ಎಣ್ಣಿ ಬೇಕಾಗೇತಿ ಅಂದ. ಮುಗೀತು. ಅಂವ ನಮ್ಮಾಂವ. ಹಂಗಂದ್ರ ನೀವೂ ನಮ್ಮವರ.”

“ತಾವು ಹೇಳುತ್ತಿರುವುದು ನನ್ನ ನೇಮಕಾತಿಯ ವಿಷಯವೇ?” ಎಂದರು ಅಕ್ಕೋರು. ದನಿ ನೆಲಕ್ಕೆ ಹತ್ತಿತ್ತು.

“ಮತ್ತ್ಯಾರದು?”

ಬರುವಾಗ ಯಡೂರಿಗೆ ಕಾರು ತಿರುಗಿಸಲು ಹೇಳಿದರು. ಗುಡಿಗೆ ಬಂದ ಮಂದಿ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದರು, ಮೆಟ್ಟಿಲ ಮೇಲೆ ಒದ್ದೆ ಬಟ್ಟೆ ಹರವಿದ್ದರು. ಅಕ್ಕೋರು ಅವುಗಳ ನಡುವೆ ಜಾಗ ಮಾಡಿಕೊಂಡು ಕೂತರು. ಕೃಷ್ಣೆಯ ನೀರು ಕೆಸರುಬಣ್ಣದಲ್ಲಿ ಹರಿಯುತ್ತಿತ್ತು. “ಇಷ್ಟು ವರ್ಷ ಹುಡುಗ್ಯಾರ ಮುಂದ ಏನ್ ಹೇಳಕೋತ ಬಂದೀನಿ ಗೊತ್ತೈತೇನು?” ಎಂದರು. “ನನ್ನ ನೋಡ್ರಿ, ಯಾರ ಕೈನೂ ಹಿಡೀಲಾರದ ಬಂದೀನಿ ಅಂತ. ಹೊಸ ಬ್ಯಾಚ್ ಬಂದಾಗೆಲ್ಲಾ ಹೇಳೀನಿ.” ಆಮೇಲೆ ಕೀಲಿಕೈ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

ಅವರ ಅಣ್ಣ ರಾಯಬಾಗದಲ್ಲಿದ್ದರು. ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಂದೆ ಬೇಗ ತೀರಿಹೋದಾಗ ಅಕ್ಕೋರನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದವರು ಅವರೇ. ಅಕ್ಕೋರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ನಮ್ಮಣ್ಣ ಎಂಬ ಮಾತು ಬರುತ್ತಿತ್ತು. ಮುಂದಿನ ಭಾನುವಾರ ಅಲ್ಲಿಗೆ ಹೋದೆವು. ನಾನು ಕಾರಿನಲ್ಲೇ ಇರುತ್ತೇನೆಂದೆ. “ಬಾ. ಮಂದಿ ಮನಿಗೆಲ್ಲಾ ಬಂದೀ, ಇಲ್ಲಿಗೂ ಬಾ” ಎಂದರು.

ಅಣ್ಣ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. “ಬಾ ತಂಗೀ” ಎಂದು ಮುಖ ಅರಳಿಸಿದರು.

ಅಕ್ಕೋರು ನಿಂತೇ ಕೇಳಿದರು. “ಅಣ್ಣಾ, ನೀ ಕಂದೀಲಿನಾಂವೇನು?”

ಅವರು ಪೇಪರ್ ಮಡಚಿದರು. “ಯಾರು ಹೇಳಿದ್ರು?”

“ಹೌದೋ ಅಲ್ಲೋ ಹೇಳು.”

“ಇದ್ದೆ. ಹುಡುಗ್ತನದಾಗ, ಹಾಸ್ಟೆಲ್ನಾಗ ಇದ್ದಾಗ.”

“ನನ್ನ ನೌಕರಿ?”

ಅಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. “ನನಗಂತ ಏನೂ ಕೇಳಿಲ್ಲ ನಾ. ಹಳ್ಳ್ಯಾಗ ಗಣಿತ ಕಲಿಸಿ ಮುಗಿಸೀನಿ. ಜೀವಮಾನದಾಗ ಒಂದ ಸಲ ಕೇಳೀನಿ. ಅದೂ ನಿನ್ನ ಸಲುವಾಗಿ.”

“ಇಂಟರ್ವ್ಯೂದಾಗ ನಾ ಎಷ್ಟನೇದಾಕಿ ಇದ್ದೆ?”

ಅಡುಗೆಮನೆಯ ಬಾಗಿಲಿಗೆ ಅಣ್ಣನ ಹೆಂಡತಿ, ವೈನಿ, ಬಂದು ನಿಂತಿದ್ದರು. ಅಣ್ಣ ಅವರತ್ತ ನೋಡಿದರು, ನೆಲ ನೋಡಿದರು. “ಎರಡನೇದಾಕಿ.”

“ಮೊದಲನೇದಾಕಿ ಯಾರು?”

“ಈಗ ಯಾಕವಾ ಅದೆಲ್ಲಾ...”

“ಯಾರು?”

“ಶಿರಗುಪ್ಪಿ ಹುಡುಗಿ. ಜೈನರ ಪೈಕಿ. ಪದ್ಮಾವತಿ ಅಂತ.”

ಆ ಹೆಸರಿಗಾಗಿ ಅವರು ತಡಕಾಡಲಿಲ್ಲ. ನಾಲಿಗೆಯ ತುದಿಯಲ್ಲೇ ಇತ್ತು. ತಂಗಿ ಪ್ರತಿ ಹಬ್ಬಕ್ಕೆ ಬಂದು ಹೋಗುವಾಗಲೂ, ಕಾಲೇಜಿನ ಸುದ್ದಿ ಹೇಳುವಾಗಲೂ, ಆ ಮನುಷ್ಯ ಆ ಇನ್ನೊಬ್ಬಳ ಹೆಸರನ್ನು ಬಾಯೊಳಗೆ ಇಟ್ಟುಕೊಂಡೇ ನಗುತ್ತ ಕೂತಿದ್ದರು. ಒಳ್ಳೆಯ ಮನುಷ್ಯ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಒಳ್ಳೆಯವರ ಮೇಲೆ ಬರುವ ಸಿಟ್ಟಿಗೆ ಹೋಗಲು ಜಾಗವೇ ಇರುವುದಿಲ್ಲ.

ವೈನಿ ಚಹಾ ತಂದರು. ಅಕ್ಕೋರು ಆ ಮನೆಯಲ್ಲಿ ಎಂದೂ ಚಹಾ ಬೇಡ ಅಂದವರಲ್ಲ. ಅಂದು ಬೇಡ ಎಂದರು.

ಪದ್ಮಾವತಿಯವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಶಿರಗುಪ್ಪಿಯಲ್ಲಿ ಹಿಟ್ಟಿನ ಗಿರಣಿಯ ಪದ್ಮಕ್ಕ ಎಂದರೆ ಎಲ್ಲರಿಗೂ ಗೊತ್ತು. ನಾವು ಹೋದಾಗ ಗಿರಣಿ ನಡೆದಿತ್ತು. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಅಕ್ಕೋರು ತಾವು ಯಾರೆಂದು ಹೇಳಿದರು. ಪದ್ಮಕ್ಕ ಗಿರಣಿ ನಿಲ್ಲಿಸಲಿಲ್ಲ. ಕಿವಿಗೆ ಕೈ ಇಟ್ಟು, ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದರು. ನಾನು ಎಂದೂ ಮರೆಯದ ದೃಶ್ಯ ಅದು. ತಮ್ಮ ಬದುಕಿನ ಅತಿ ನಾಚಿಕೆಯ ಮಾತನ್ನು ಅಕ್ಕೋರು ಆ ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು. “ಮೊದಲನೇದಾಕಿ ನೀವಿದ್ರಿ! ನಮ್ಮಣ್ಣ ಹೇಳಿ ನನಗ ಕೊಡಿಸಿದ!” ಬುಟ್ಟಿ ಹಿಡಿದು ನಿಂತ ಹೆಂಗಸರೆಲ್ಲ ತಿರುಗಿ ನೋಡಿದರು.

ಆಗ ಪದ್ಮಕ್ಕ ಸ್ವಿಚ್ಚು ಆರಿಸಿದರು.

“ಅವತ್ತು ಹೊರಗ ಬೆಂಚಿನ ಮ್ಯಾಲೆ ನಿಮ್ಮ ಬಾಜೂಕ ಕುಂತಿದ್ದೆ” ಎಂದರು. “ಕೈ ನಡಗಾಕತ್ತಿದ್ವು. ನೀವು ನಿಮ್ಮ ಬಾಟ್ಲಿ ನೀರು ಕೊಟ್ರಿ.”

ಅಕ್ಕೋರಿಗೆ ಅದು ನೆನಪಿರಲಿಲ್ಲ. ನೆನಪಿದೆ ಎಂದು ಸುಳ್ಳೂ ಹೇಳಲಿಲ್ಲ.

“ಈಗ ಯಾಕ ಬಂದೀರಿ? ನಿಮ್ಮ ಎದಿ ಹಗರ ಮಾಡ್ಕೊಳ್ಳಾಕೇನು? ಮಾಡ್ಕೋರಿ. ನನ್ನ ಮುಂದ ಬ್ಯಾಡ.”

“ಕ್ಷಮಾ ಕೇಳಾಕ ಬಂದಿಲ್ರಿ. ಇದನ್ನೆಲ್ಲಾ ಬರೀಯಾಕತ್ತೀನಿ, ನಿಮಗ ಗೊತ್ತಿರಬೇಕು ಅಂತ ಬಂದೀನಿ.”

“ಗೊತ್ತಿತ್ರಿ ನನಗ. ನಿಮ್ಮಣ್ಣ ಅನ್ನೂದಷ್ಟ ಗೊತ್ತಿರಲಿಲ್ಲ.” ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ನಮ್ಮಪ್ಪ ಸಾಯೂತನಕ ಅಂದ. ನೀ ಏನರೆ ತಪ್ಪು ಹೇಳಿರಬೇಕು ಪದ್ಮಾ, ಸುಮ್ಮಸುಮ್ಮನ ಯಾರೂ ಬಿಡೂದಿಲ್ಲ ಅಂತ. ಎಲ್ಲಾ ಪ್ರಶ್ನೆಕ್ಕೂ ಉತ್ತರ ಹೇಳೀನಪಾ ಅಂತ ನಾನೂ ಹೇಳಿದ್ದ ಹೇಳಿದ್ದು. ನಂಬಲಿಲ್ಲ ಅಂವ. ಕಡೀಕ್ ನನ್ನ ಮ್ಯಾಲೆ ನನಗ ನಂಬಿಕಿ ಹೋತು.”

ಅಕ್ಕೋರು ತಲೆ ಎತ್ತಿಯೇ ನಿಂತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪದ್ಮಕ್ಕ ಅದನ್ನು ನೋಡಿದರು, ಕರಗಲಿಲ್ಲ.

“ಬರೀಯಾಕತ್ತೀರಿ ಅಂದ್ರೆಲ್ಲ, ಬರೀರಿ. ದೊಡ್ಡ ಸಭಾದಾಗ ಓದ್ರಿ. ನನ್ನ ಹೆಸರು ಹಾಕ್ರಿ. ಪಾಪ ಅಂತ ಹಾಕಬ್ಯಾಡ್ರಿ, ಮೊದಲನೇದಾಕಿ ಅಂತ ಹಾಕ್ರಿ.” ಇಷ್ಟು ಹೇಳಿ ಮತ್ತೆ ಗಿರಣಿ ಹಚ್ಚಿದರು.

ಆ ವರ್ಷ ನಮ್ಮ ಕಾಲೇಜಿನಲ್ಲಿ ಗಡಿಭಾಗದ ಉನ್ನತ ಶಿಕ್ಷಣದ ಬಗ್ಗೆ ವಿಚಾರ ಸಂಕಿರಣವಿತ್ತು. ಅಧ್ಯಕ್ಷತೆ ನಿಪ್ಪಾಣಿಯ ಪ್ರಾಧ್ಯಾಪಕರದು, ಮುಂದಿನ ಸಾಲಿನಲ್ಲಿ ಅಥಣಿಯ ಚೇರಮನ್ನರು. ಅಕ್ಕೋರು ಎದ್ದು ತಮ್ಮ ಪ್ರಬಂಧ ಓದಿದರು. ತಾವಾಗಿ ಒಪ್ಪಿಕೊಂಡ ಸದಸ್ಯರು ಯಾರು, ಅವರು ಯಾವ ಸಮಿತಿಯಲ್ಲಿ ಕೂತು ಯಾರಿಗಾಗಿ ಏನು ಮಾಡಿದೆವೆಂದು ಸ್ವತಃ ಹೇಳಿದರು, ಇಷ್ಟೇ. ತಮ್ಮ ಕಡೆಯಿಂದ ಒಂದು ವಿಶೇಷಣವನ್ನೂ ಸೇರಿಸಿರಲಿಲ್ಲ. ಸಭೆಯಲ್ಲಿ ಕೆಮ್ಮು ಶುರುವಾಯಿತು. ಆಮೇಲೆ ಅವರು ತಮ್ಮ ಅಣ್ಣನ ಹೆಸರು ಓದಿದರು. “ಇದರ ಫಲವನ್ನು ಉಂಡವಳು ನಾನು,” ಎಂದರು. “ಆ ಸಂದರ್ಶನದಲ್ಲಿ ಮೊದಲು ಬಂದವರು ಶಿರಗುಪ್ಪಿಯ ಪದ್ಮಾವತಿ.”

ಪ್ರಾಂಶುಪಾಲರು ಸನ್ನೆ ಮಾಡಿದರು. ಮೈಕು ಸತ್ತಿತು. ಆ ದೊಡ್ಡ ದನಿಗೆ ಮೈಕು ಯಾಕೆ ಬೇಕು? ಅಕ್ಕೋರು ಕಟ್ಟಕಡೆಯ ಬೆಂಚಿಗೂ ಕೇಳುವ ಹಾಗೆ ಅದೇ ವಾಕ್ಯವನ್ನು ಮತ್ತೊಮ್ಮೆ ಓದಿದರು.

ನಿಪ್ಪಾಣಿಯವರು ತಮ್ಮ ಮೈಕು ಎಳೆದುಕೊಂಡರು. ಅದು ಮಾತ್ರ ಜೀವಂತವಿತ್ತು. “ಇದು ಸಂಶೋಧನೆ ಅಲ್ಲ, ಸಂಸಾರದ ಜಗಳ” ಎಂದರು. ಸಭೆ ನಕ್ಕಿತು. ನನ್ನ ಸಹೋದ್ಯೋಗಿಗಳು ನಕ್ಕರು. ಪ್ರತಿದಿನ ಅಕ್ಕೋರ ಡಬ್ಬಿಯ ಶೇಂಗಾ ಹಿಂಡಿ ಬೇಡಿ ತಿನ್ನುತ್ತಿದ್ದವರು ನಕ್ಕರು. ಆ ನಗೆಯನ್ನು ನಾನು ಸಾಯುವತನಕ ಕ್ಷಮಿಸುವುದಿಲ್ಲ.

“ನಮ್ಮ ಸಂಸಾರದೊಳಗೆ ತಾವೆಲ್ಲ ಬಂದಿದ್ದಿರಿ, ಸರ್,” ಎಂದರು ಅಕ್ಕೋರು. “ನಾನು ಅದನ್ನೇ ಓದುತ್ತಿದ್ದೇನೆ.” ಕನ್ನಡಕ ಮಡಚಿ ಕೆಳಗಿಳಿದು ಬಂದರು.

ಆಮೇಲಿನದೆಲ್ಲ ಸಣ್ಣತನದ ಕತೆ. ಅಕ್ಕೋರಿಗೆ ತಲೆ ಸರಿಯಿಲ್ಲ ಎಂಬ ಸುದ್ದಿ ಹಬ್ಬಿತು. ಒಂಟಿ ಹೆಂಗಸು, ವಯಸ್ಸಾಯಿತು, ಹಾಗೆಲ್ಲ ಆಗುತ್ತದೆ ಎಂದರು. ಸಿಬ್ಬಂದಿ ಕೋಣೆಯಲ್ಲಿ ನಾವಿಬ್ಬರು ಒಂದು ಕಡೆ, ಉಳಿದ ಕುರ್ಚಿಗಳೆಲ್ಲ ಇನ್ನೊಂದು ಕಡೆ ಸರಿದವು. ಪ್ರಬಂಧ ಅಚ್ಚಿಗೆ ಕಳಿಸಿದ ಕಡೆಗಳಿಂದೆಲ್ಲ ಹಿಂದಿರುಗಿತು. ಆ ಪತ್ರಿಕೆಗಳ ಸಂಪಾದಕ ಮಂಡಳಿಗಳಲ್ಲಿ ಯಾರಿದ್ದರು ಎಂದು ಬೇರೆ ಹೇಳಬೇಕಿಲ್ಲ. ನಿವೃತ್ತಿಗೆ ಇನ್ನೂ ಅವಧಿ ಇರುವಾಗಲೇ ಅಕ್ಕೋರು ರಾಜೀನಾಮೆ ಕೊಟ್ಟರು. ಸಂಜೆಯೊಳಗೆ ಅಂಗೀಕಾರವಾಯಿತು. ಒಂದು ರಜೆ ಅರ್ಜಿಗೆ ವಾರಗಟ್ಟಲೆ ಅಲೆಸುವ ಆಫೀಸು ಅದು.

ಆ ರಾಜೀನಾಮೆಗಾಗಿ ನಾನು ಅವರ ಜೊತೆ ಜಗಳವಾಡಿದೆ. ಇವತ್ತಿಗೂ ನನಗೆ ಅವರ ಮೇಲೆ ಆ ಸಿಟ್ಟು ಹೋಗಿಲ್ಲ. “ನನ್ನದಲ್ಲದ ಕುರ್ಚಿ” ಎಂದರು. “ನೀವು ಎದ್ರ ಅದು ಪದ್ಮಕ್ಕಗ ಸಿಗತೈತೇನ್ರಿ?” ಎಂದೆ. ಕುರ್ಚಿಗೆ ಹಂಗಾಮಿಯಾಗಿ ಬಂದದ್ದು ಅಥಣಿಯ ಚೇರಮನ್ನರ ಅಳಿಯ. ಪದ್ಮಕ್ಕನಿಗೆ ನಾನೇ ಫೋನಿನಲ್ಲಿ ಹೇಳಿದೆ. “ಶ್ಯಾಣಿ ಹೆಂಗಸು, ಹೆಡ್ಡತನ ಮಾಡಿದ್ಲು” ಎಂದು ಅವರು ಫೋನು ಇಟ್ಟರು.

ಕಾಯಿಲೆ ಮುಂದಿನ ವರ್ಷ ಬಂತು. ಮಿರಜದ ಆಸ್ಪತ್ರೆಗೆ ನಾನು ಕರೆದುಕೊಂಡು ಹೋಗಿ ಬರುತ್ತಿದ್ದೆ. ಸಂಕಿರಣದ ದಿನದಿಂದ ಅಣ್ಣ ಮಾತು ಬಿಟ್ಟಿದ್ದರು. ಒಂದು ಮಧ್ಯಾಹ್ನ ವಾರ್ಡಿಗೆ ಬಂದರು. ಮಂಚದ ಪಕ್ಕ ಕೂತು ಮೋಸಂಬಿ ಸುಲಿದು, ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟು, ಒಂದೂ ಮಾತಾಡದೆ ಎದ್ದು ಹೋದರು. ಅಕ್ಕೋರು ತೊಳೆಗಳನ್ನೆಲ್ಲ ತಿಂದರು. ನಾನು ನೋಡುತ್ತಿದ್ದೆ. “ಸಿಟ್ಟು ಬ್ಯಾರೆ, ಮೋಸಂಬಿ ಬ್ಯಾರೆ” ಎಂದರು.

ಅವರು ತೀರಿಕೊಂಡ ಬೆಳಿಗ್ಗೆ ಚಿಕ್ಕೋಡಿಯ ಮನೆ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ಬಂದಿದ್ದರು, ಅಂಗಳದಲ್ಲಿ ನಿಂತು ಅಳುತ್ತಿದ್ದರು. ಆಮೇಲೆ ಕಾರುಗಳು ಬಂದವು. ಬಿಳಿ ಅಂಗಿಯವರು ಒಬ್ಬೊಬ್ಬರಾಗಿ ಒಳಗೆ ಬಂದು ದೊಡ್ಡ ಹಾರಗಳನ್ನು ಹಾಕಿದರು. ನಿಪ್ಪಾಣಿಯವರು, ಅಥಣಿಯವರು, ನಮ್ಮ ಪ್ರಾಂಶುಪಾಲರು, ಕಾಗವಾಡದವರು. ಹಾರ ಹಾಕಿದವರು ಹೋಗಲಿಲ್ಲ. ಗೋಡೆಗುಂಟ ಕೂತು, ಎಂಥಾ ನಿಷ್ಠಾವಂತ ಹೆಂಗಸು, ಎಂಥಾ ಅಪರೂಪದ ಪ್ರತಿಭೆ ಎಂದು ಶುರುಮಾಡಿದರು. ಅಣ್ಣ ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ನಾನು ಅಕ್ಕೋರ ತಲೆಯ ಹತ್ತಿರ ಕೂತು ಹಲ್ಲು ಕಚ್ಚುತ್ತಿದ್ದೆ.

ಪದ್ಮಕ್ಕ ಬಂದದ್ದು ಆ ಹೊತ್ತಿಗೆ. ಬಸ್ಸಿಳಿದು ನಡೆದುಬಂದಿದ್ದರು, ಮುಖದ ತುಂಬ ಬೆವರು. ಕೈಯಲ್ಲಿ ಹಾರವಿರಲಿಲ್ಲ. ಅಕ್ಕೋರ ಕಾಲಿನ ಹತ್ತಿರ ನಿಂತು ಮುಖ ನೋಡಿದರು, ಬಹಳ ಹೊತ್ತು ನೋಡಿದರು. ನಿಪ್ಪಾಣಿಯವರು ಮೆಲುದನಿಯಲ್ಲಿ ಮಾತು ಮುಂದುವರಿಸಿದ್ದರು. ಪದ್ಮಕ್ಕ ಅವರತ್ತ ತಿರುಗಿದರು.

“ನಿಮ್ಮಾಗ ಕಂದೀಲಿನವರು ಯಾರ್ಯಾರಿದ್ದೀರಿ? ಕೈ ಎತ್ರಿ.”

ಗೋಡೆಗುಂಟ ಮಾತು ನಿಂತಿತು.

“ಈಕಿ ಮುಂದ ನಿಮ್ಮ ನಿಮ್ಮ ಮನ್ಯಾಗ ಕುಂತು ಹೇಳೀರಂತಲ್ಲ, ನಾವ ಅಂತ. ಈಗ ಹೇಳ್ರಿ. ಊರ ಮಂದಿ ನೋಡ್ಲಿ.”

ಅಥಣಿಯವರು ಮೊಬೈಲ್ ತೆಗೆದು ನೋಡತೊಡಗಿದರು. ಪ್ರಾಂಶುಪಾಲರು ಕಿಟಕಿಯಾಚೆ ನೋಡಿದರು. ನಿಪ್ಪಾಣಿಯವರು ಎದ್ದು, “ಇದು ಜಾಗಾ ಅಲ್ರಿ ಅವ್ವಾರ, ಇದು ಜಾಗಾ ಅಲ್ಲ” ಎನ್ನುತ್ತ ಹೊರಗೆ ಹೋಗಿ ಚಪ್ಪಲಿಗಳ ರಾಶಿಯಲ್ಲಿ ತಮ್ಮ ಜೋಡು ಹುಡುಕತೊಡಗಿದರು. ಅವರ ಹಿಂದೆ ಇನ್ನೊಬ್ಬರು ಎದ್ದರು. ಒಂದು ಕೈಯೂ ಮೇಲೇಳಲಿಲ್ಲ.

ಆಮೇಲೆ ಮೂಲೆಯಿಂದ ಒಂದು ಕೈ ಎದ್ದಿತು. ಅಕ್ಕೋರ ಅಣ್ಣನದು. ತೆಳ್ಳಗಿನ ಕೈ, ಶಾಲೆಯಲ್ಲಿ ಹುಡುಗರು ಎತ್ತುವ ಹಾಗೆ ನೆಟ್ಟಗೆ ಮೇಲಕ್ಕೆ.

ಪದ್ಮಕ್ಕ ಆ ಕೈಯನ್ನು ನೋಡಿದರು. ಅದು ಯಾರ ಕೈ ಎಂದು ಯಾರೂ ಹೇಳಬೇಕಾಗಲಿಲ್ಲ.

“ಆತು, ಇಳಸ್ರಿ” ಎಂದರು.

ಅವರು ಇಳಿಸಲಿಲ್ಲ. ಹೊರಗೆ ಒಂದರ ಹಿಂದೆ ಒಂದು ಕಾರು ಚಾಲೂ ಆಗುವ ಸದ್ದು ಕೇಳಿಸುತ್ತಿತ್ತು.